ಗುಂಟೆ ಅಂದರೆ ಗಂಟೆ ಬರೆಯುವ ಮೈಕು

ಫೋನಿನ ಕೀಬೋರ್ಡಿನ ಮೂಲೆಯಲ್ಲಿ ಒಂದು ಮೈಕಿನ ಗುರುತು ಇರುತ್ತದೆ. ಅದನ್ನು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಮಾತೆಲ್ಲ ಅಕ್ಷರವಾಗುತ್ತದೆ. ನಾನು ವಿಮರ್ಶೆ ಬರೆಯುತ್ತಿರುವುದು ಈ ಮೈಕಿನ ಬಗ್ಗೆ. ಬೆಲೆ ಪುಕ್ಕಟೆ, ನೆಟ್ ಇರಬೇಕು ಅಷ್ಟೆ. ಯಾವ ಕಂಪನಿಯದು ಎಂದು ಹೆಸರು ಹಾಕುವುದಿಲ್ಲ. ನನ್ನ ಫೋನಿನಲ್ಲಲ್ಲದೆ ಅಂಗಡಿಗೆ ಬರುವ ಗಿರಾಕಿಗಳ ಫೋನುಗಳಲ್ಲೂ ಹೇಳಿ ನೋಡಿದ್ದೇನೆ. ಒಂದು ಸ್ವಲ್ಪ ಚುರುಕು, ಇನ್ನೊಂದು ಸ್ವಲ್ಪ ಮಂದ, ಗುಣ ಮಾತ್ರ ಎಲ್ಲದರದ್ದೂ ಒಂದೇ. ಮೊದಲೇ ಹೇಳಿಬಿಡುತ್ತೇನೆ, ಅಕ್ಕತಂಗಿಯರಿಗೆ ಮೆಸೇಜು ಹಾಕುವವರಿಗೆ ಇದು ಬಹಳ ಒಳ್ಳೆಯ ವಸ್ತು. ಜಮೀನಿನ ಪತ್ರ ಬರೆಸುವವರು ಮುಂದೆ ಓದಿ.

ನಮ್ಮದು ತಿಪಟೂರು. ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಸಾಲಾಗಿ ಟೈಪಿಂಗ್, ಜೆರಾಕ್ಸ್ ಅಂಗಡಿಗಳಿವೆಯಲ್ಲ, ಅದರಲ್ಲೊಂದು ನನ್ನದು. ವಕೀಲರು, ಪತ್ರ ಬರಹಗಾರರು ಕೊಟ್ಟ ಕರಡು ಟೈಪ್ ಮಾಡುವುದು, ಬಾಡಿಗೆ ಕರಾರು, ಅಫಿಡವಿಟ್ಟು, ವಂಶವೃಕ್ಷ, ತಹಶೀಲ್ದಾರರಿಗೆ ಅರ್ಜಿ, ಮಧ್ಯೆ ಮಧ್ಯೆ ಆಧಾರ್ ಜೆರಾಕ್ಸು, ಲ್ಯಾಮಿನೇಷನ್ನು. ಕೊಬ್ಬರಿ ಟೆಂಡರ್ ದಿನ ಮಾರ್ಕೆಟ್ಟಿಗೆ ಬಂದವರು ಹಾಗೆಯೇ ಇತ್ತ ಬಂದು ಒಂದು ಅರ್ಜಿ ಕೊಟ್ಟು ಹೋಗುತ್ತಾರೆ, ಅವತ್ತು ಕೂರುವುದಕ್ಕೆ ಜಾಗ ಇರುವುದಿಲ್ಲ. ಹತ್ತೊಂಬತ್ತು ತುಂಬುವ ಹೊತ್ತಿಗೆ ಟೈಪಿಂಗ್ ಮಷಿನ್ನಿನ ಮುಂದೆ ಕೂತವಳು ನಾನು, ಈಗ ತಲೆಗೂದಲು ನೆರೆತಿದೆ. ಮಣಿಕಟ್ಟು ನೋಯುತ್ತದೆ, ಕತ್ತು ನೋಯುತ್ತದೆ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಯಂತ್ರ ಬಂತು ಎಂದಾಗ ನನ್ನಷ್ಟು ಖುಷಿಪಟ್ಟವರು ನಮ್ಮ ಬೀದಿಯಲ್ಲಿ ಇರಲಾರರು.

ಪರೀಕ್ಷೆಗೆ ನಾನು ಇಟ್ಟದ್ದು ಷೆಡ್ಯೂಲು. ಕ್ರಯಪತ್ರದ ಕೊನೆಯಲ್ಲಿ ಬರುತ್ತದಲ್ಲ, ಆಸ್ತಿಯ ವಿವರ. ಉಳಿದ ಪತ್ರವೆಲ್ಲ ಯಾರದ್ದಾದರೂ ಒಂದೇ, ಹಳೆಯ ಫೈಲು ತೆಗೆದು ಹೆಸರು ಬದಲಿಸಿದರೆ ಮುಗಿಯಿತು. ಷೆಡ್ಯೂಲಿನಲ್ಲಿ ಒಂದಕ್ಷರ ಆಚೀಚೆ ಆದರೆ ತಿದ್ದುಪಡಿ ಪತ್ರ, ಮತ್ತೆ ಫೀಸು, ಮತ್ತೆ ಮಾರಿದವರನ್ನು ಹುಡುಕಿಕೊಂಡು ಹೋಗಿ ಸಹಿ. ಮಾರಿದವರು ಆಗ ಸಿಗುವುದಿಲ್ಲ, ಸಿಕ್ಕರೂ ಸುಮ್ಮನೆ ಸಹಿ ಹಾಕುವುದಿಲ್ಲ.

ನಾನು ಹೇಳಿದ್ದು: "ಹೊನ್ನವಳ್ಳಿ ಹೋಬಳಿ, ಬಿಳಿಗೆರೆ ಗ್ರಾಮದ ಸರ್ವೆ ನಂಬರ್ ನಲವತ್ತೇಳು ಬಾರ್ ಎರಡರಲ್ಲಿ ಒಂದು ಎಕರೆ ಹನ್ನೆರಡು ಗುಂಟೆ ತೆಂಗಿನ ತೋಟಕ್ಕೆ ಚಕ್ಕುಬಂದಿ." ಹೋಬಳಿ, ಗ್ರಾಮ, ನಂಬರು ಎಲ್ಲ ಬಾಯಿಗೆ ಬಂದಂತೆ ಜೋಡಿಸಿದ್ದು, ಯಾರ ಆಸ್ತಿಯೂ ಅಲ್ಲ. ಗುಂಟೆ ಜಮೀನಿನ ಅಳತೆ, ಚಕ್ಕುಬಂದಿ ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರ. ಮೈಕು ಬರೆದದ್ದು: "ಹೊನ್ನವಳ್ಳಿ ಹೋಬಳಿ ಬಿಳಿ ಗೆರೆ ಗ್ರಾಮದ ಸರ್ವೆ ನಂಬರ್ 47 ಬಾರ್ ಎರಡರಲ್ಲಿ 1 ಎಕರೆ 12 ಗಂಟೆ ತೆಂಗಿನ ತೋಟಕ್ಕೆ ಚೆಕ್ ಬಂದಿದೆ."

ನಮ್ಮ ಅಂಗಡಿ ಹುಡುಗ ಇದನ್ನು ಓದಿ "ಚೆಕ್ ಬಂದಿದ್ದರೆ ಬ್ಯಾಂಕಿಗೆ ಹಾಕೋಣ ಬಿಡಿ ಅಕ್ಕಾ" ಅಂದ.

ಮತ್ತೆ ಹೇಳಿದೆ. ಎಕರೆ, ಗುಂಟೆ ಎರಡನ್ನೂ ಉಸಿರು ಬಿಡದೆ ಒಟ್ಟಿಗೆ ಹೇಳಿದರೆ "ಗುಂಟೆ" ಎಂದು ಸರಿಯಾಗಿಯೇ ಬರುತ್ತದೆ. ಮಧ್ಯೆ ನಿಲ್ಲಿಸಿ, ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ ನೋಡಿ, "ಹನ್ನೆರಡು ಗುಂಟೆ" ಅಂದರೆ ಗಂಟೆ ಬರುತ್ತದೆ. ಇದು ಯಾಕೆ ಹೀಗೆ ಎಂದು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮಣ್ಣನ ಮಗನನ್ನು ಕೇಳಿದೆ. "ಅತ್ತೆ, ಅದು ಬರೀ ಕಿವಿಯಿಂದ ಕೇಳಿಸಿಕೊಳ್ಳಲ್ಲ, ಹಿಂದೆ ಮುಂದೆ ಯಾವ ಪದ ಇದೆ ಅಂತಲೂ ನೋಡುತ್ತೆ. ಲಕ್ಷಗಟ್ಟಲೆ ಕನ್ನಡ ವಾಕ್ಯ ಓದಿಸಿರ್ತಾರೆ. ಹನ್ನೆರಡು ಆದ ಮೇಲೆ ಗಂಟೆ ಬಂದಿರೋದು ಜಾಸ್ತಿ, ಗುಂಟೆ ಬಂದಿರೋದು ಕಮ್ಮಿ. ಅನುಮಾನ ಬಂದ್ರೆ ಜಾಸ್ತಿ ಇರೋದನ್ನೇ ಹಾಕುತ್ತೆ" ಅಂದ. ಎಕರೆ ಪಕ್ಕದಲ್ಲಿ ಕೇಳಿಸಿದರೆ ಜಮೀನಿನ ಮಾತು ಅಂತ ಅದಕ್ಕೆ ಹೊಳೆಯುತ್ತದೆ, ಇಲ್ಲದಿದ್ದರೆ ಹೊತ್ತು ಹೇಳುತ್ತಿದ್ದಾಳೆ ಅಂದುಕೊಳ್ಳುತ್ತದೆ.

ಊರ ಹೆಸರಿನದ್ದೂ ಇದೇ ಪಾಡು. ನೊಣವಿನಕೆರೆ ಸರಿಯಾಗಿ ಬರುತ್ತದೆ, ಹೆಸರಾದ ಊರು. ಬಿಳಿಗೆರೆ ಬಿಳಿ ಗೆರೆಯಾಯಿತು. ಹಾಲ್ಕುರಿಕೆ ಒಮ್ಮೆ "ಹಾಲು ಕುರಿಗೆ" ಆಯಿತು, ಇನ್ನೊಮ್ಮೆ "ಹಾಲು ಕುಡಿಕೆ." ಮನುಷ್ಯರ ಹೆಸರಿಗೆ ಬಂದರೆ ತಿಮ್ಮೇಗೌಡರಿಗೆ ತೊಂದರೆ ಇಲ್ಲ, ಕೆಂಪನಂಜಮ್ಮನವರಿಗೆ ಇದೆ. ಇನ್ನು ನಮ್ಮ ಕಡೆಯ ಪತ್ರಗಳಲ್ಲಿ ತಂದೆಯ ಹೆಸರಿನ ಮುಂದೆ "ಬಿನ್," ಗಂಡನ ಹೆಸರಿನ ಮುಂದೆ "ಕೋಂ" ಹಾಕುವುದು ರೂಢಿ. "ಲಕ್ಷ್ಮಮ್ಮ ಕೋಂ ಲೇಟ್ ಸಿದ್ದಪ್ಪ" ಅಂದೆ. "ಲಕ್ಷ್ಮಮ್ಮ ಕಾಮ್ ಲೇಟ್ ಸಿದ್ದಪ್ಪ" ಎಂದು ಬರೆಯಿತು. ಇಂಟರ್‌ನೆಟ್ಟಿನಲ್ಲಿ ಹುಟ್ಟಿದ್ದಕ್ಕೆ ಕಾಮ್ ಬಿಟ್ಟು ಬೇರೆ ಏನು ಗೊತ್ತಿರುತ್ತದೆ.

ನಗುವಂಥದ್ದನ್ನು ಬಿಡಿ, ಅವು ಕಣ್ಣಿಗೆ ಹೊಡೆಯುತ್ತವೆ, ತಿದ್ದಬಹುದು. ನನಗೆ ನಿಜವಾಗಿ ತಲೆಬಿಸಿ ತಂದದ್ದು ಅಂಕಿ. ಪತ್ರಗಳಲ್ಲಿ ಮೊತ್ತವನ್ನು ಎರಡು ಸಲ ಬರೆಯುತ್ತೇವೆ. ರೂ. 4,50,000 ಎಂದು ಅಂಕಿಯಲ್ಲಿ, ಪಕ್ಕದಲ್ಲೇ ಕಂಸದೊಳಗೆ ನಾಲ್ಕು ಲಕ್ಷದ ಐವತ್ತು ಸಾವಿರ ರೂಪಾಯಿಗಳು ಮಾತ್ರ ಎಂದು ಅಕ್ಷರದಲ್ಲಿ. ವಿಸ್ತೀರ್ಣಕ್ಕೂ ಹಾಗೆಯೇ. ಅಂಕಿಯಲ್ಲಿ ಒಂದು ಸೊನ್ನೆ ಜಾರಿದರೆ ಅಕ್ಷರ ಹಿಡಿದುಕೊಳ್ಳುತ್ತದೆ, ಅದಕ್ಕೇ ಹಿಂದಿನವರು ಈ ಪದ್ಧತಿ ಮಾಡಿದ್ದು. ಈ ಮೈಕು ಬಾಯಲ್ಲಿ ಅಕ್ಷರವಾಗಿ ಹೇಳಿದ್ದನ್ನೆಲ್ಲ ತಾನೇ ಅಂಕಿ ಮಾಡಿಬಿಡುತ್ತದೆ. ಕಂಸದೊಳಗೂ "4 ಲಕ್ಷದ 50000" ಎಂದು ಕೂರಿಸುತ್ತದೆ. ಒಂದನ್ನು ತಪ್ಪು ಕೇಳಿಸಿಕೊಂಡರೆ ಎರಡೂ ಕಡೆ ಅದೇ ತಪ್ಪು, ಕಾವಲಿಗೆ ಇದ್ದವನೂ ಕಳ್ಳನ ಜೊತೆ ಹೋದ ಹಾಗೆ. ಹದಿನೈದು, ಐದು ಇವೆರಡನ್ನು ಗದ್ದಲದಲ್ಲಿ ಬೇರೆ ಮಾಡಿ ಕೇಳಿಸಿಕೊಳ್ಳುವುದು ಮನುಷ್ಯರಿಗೇ ಕಷ್ಟ, ಮನುಷ್ಯರಾದರೆ "ಎಷ್ಟು ಅಂದ್ರಿ?" ಎಂದು ತಿರುಗಿ ಕೇಳುತ್ತಾರೆ. ಇದು ಕೇಳುವುದಿಲ್ಲ. ಒಂದು ಗುಂಟೆ ಅಂದರೆ 1,089 ಚದರಡಿ, ಹೆಚ್ಚೂಕಮ್ಮಿ ಒಂದು ಮೂವತ್ತು ನಲವತ್ತರ ಸೈಟು. ಹತ್ತು ಗುಂಟೆ ಅಂದರೆ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಬೇಕಾದಷ್ಟು.

ಹಳೆಯ ಯಂತ್ರಗಳ ಮಾತು ಇಲ್ಲಿ ತರಲೇಬೇಕು, ಯಾಕೆಂದರೆ ನಾನು ಇದನ್ನು ಅಳೆಯುವುದು ಅವುಗಳಿಂದ.

ನಾನು ಕಲಿತದ್ದು ಅನಂತಸುಬ್ಬರಾಯರ ಕೀಲಿಮಣೆಯ ಕನ್ನಡ ಟೈಪ್‌ರೈಟರಿನಲ್ಲಿ. ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಇಡೀ ಕನ್ನಡ, ಒತ್ತು, ದೀರ್ಘ, ಅರ್ಕಾವತ್ತು ಎಲ್ಲವನ್ನೂ ಕೂರಿಸಿದ್ದ ಮಹಾನುಭಾವರು ಅವರು. ಇನ್‌ಸ್ಟಿಟ್ಯೂಟಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಕೀಲಿ ನೋಡಿದರೆ ಸ್ಕೇಲಿನಲ್ಲಿ ಬೆರಳಿಗೆ ಏಟು. ಜೂನಿಯರ್ ಪರೀಕ್ಷೆ ಆಯಿತು, ಸೀನಿಯರ್ ಆಯಿತು. ಕೋರ್ಟಿನ ಕೆಲಸಕ್ಕೆ ಮಧ್ಯೆ ಕಾರ್ಬನ್ ಇಟ್ಟು ಮೂರು ನಾಲ್ಕು ಹಾಳೆ ಒಟ್ಟಿಗೆ ಹಾಕಿ ಹೊಡೆಯಬೇಕು, ಕೊನೆಯ ಪ್ರತಿಗೂ ಮೂಡಬೇಕೆಂದರೆ ಬೆರಳಲ್ಲಿ ಶಕ್ತಿ ಬೇಕು. ಈಗಿನ ಹುಡುಗರಿಗೆ ನಾನು ಕಂಪ್ಯೂಟರ್ ಕೀಬೋರ್ಡನ್ನು ಕುಟ್ಟುವ ಸದ್ದು ಕೇಳಿದರೆ ನಗು. ಅದು ಆ ಕಾಲದ ಬೆರಳು.

ಆ ಮಷಿನ್ನಿನಲ್ಲಿ ತಪ್ಪಾದರೆ ಅಡಗಿಸುವುದಕ್ಕೆ ಆಗುತ್ತಿರಲಿಲ್ಲ. ರಬ್ಬರಿನಲ್ಲಿ ಉಜ್ಜಿದರೆ ಕಾಗದ ನವೆಯುತ್ತದೆ, ಮೇಲೆ ಹೊಡೆದರೆ ಅಕ್ಷರ ದಪ್ಪಗಾಗುತ್ತದೆ. ಛಾಪಾ ಕಾಗದದಲ್ಲಿ ಹಾಗೇನಾದರೂ ಆದರೆ ಹೊಡೆದು ಹಾಕಿ, ಪಕ್ಕದಲ್ಲಿ ಬರೆದು, ಅಲ್ಲಿಗೆ ಎರಡೂ ಕಡೆಯವರ ಚಿಕ್ಕ ಸಹಿ. ಹೆಬ್ಬೆಟ್ಟಿನವರಾದರೆ ಅಲ್ಲೂ ಒಂದು ಹೆಬ್ಬೆಟ್ಟು. ಮೂವತ್ತು ವರ್ಷ ಬಿಟ್ಟು ಆ ಪತ್ರ ತೆಗೆದು ನೋಡಿದರೂ ಎಲ್ಲಿ ಕೈ ತಪ್ಪಿತ್ತು, ಯಾರು ಒಪ್ಪಿದರು ಎಂದು ಕಾಣುತ್ತದೆ. ಅಂಥ ಪತ್ರಗಳು ಈಗಲೂ ನನ್ನ ಟೇಬಲ್ಲಿಗೆ ಬರುತ್ತವೆ.

ಆಮೇಲೆ ಕಂಪ್ಯೂಟರು. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದ ಕಾಲ, 2000ದ ಆಸುಪಾಸು. ಕಚೇರಿಯೇ ಕಂಪ್ಯೂಟರ್ ಆದ ಮೇಲೆ ಕಚೇರಿ ಎದುರಿನವರು ಟಕಟಕ ಅಂತ ಕೂರುವುದಕ್ಕೆ ಆಗುತ್ತದೆಯೇ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಒಂದು ತಂದೆ. ಅದರಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ ಹಾಕಿಸಿದೆ, ಕನ್ನಡ ಗಣಕ ಪರಿಷತ್ತಿನದು, ಅದೂ ಪುಕ್ಕಟೆ. ನುಡಿಯ ಕೀಲಿಮಣೆಯ ಮೂಲ ಕೆ.ಪಿ. ರಾವ್ ಅವರದು. ಇಂಗ್ಲಿಷಿನ ಇಪ್ಪತ್ತಾರು ಕೀಲಿಯಲ್ಲೇ ಕನ್ನಡ ಪೂರ್ತಿ ಮುಗಿಸಿದ್ದಾರೆ ಪುಣ್ಯಾತ್ಮರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಇಂಗ್ಲಿಷಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಕ್ಯೂಗೆ ಟ ಕೊಟ್ಟಿದ್ದಾರೆ, ಡಬ್ಲ್ಯೂಗೆ ಡ, ಎಕ್ಸಿಗೆ ಷ. ಒತ್ತಕ್ಷರ ಬೇಕಾದಾಗಲೆಲ್ಲ ಎಫ್. "ಕ್ಷೇತ್ರ" ಬೇಕೆಂದರೆ ಕೆ, ಎಫ್, ಎಕ್ಸ್, ಶಿಫ್ಟ್ ಹಿಡಿದು ಇ, ಆಮೇಲೆ ಟಿ, ಎಫ್, ಆರ್. ಹೇಳುವುದಕ್ಕೆ ಇಷ್ಟುದ್ದ, ಕೈಗೆ ಬಂದ ಮೇಲೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಬೆರಳು ಎಡಗಡೆಯ ಎಫ್ ಮೇಲೆ ತಾನಾಗಿ ಬಂದು ಕೂರುತ್ತದೆ. ಹಳೆಯ ಮಷಿನ್ನಿನ ಅಭ್ಯಾಸ ಬಿಡುವುದಕ್ಕೆ ಒಂದಷ್ಟು ತಿಂಗಳು ಹಿಡಿಯಿತು, ಆಮೇಲೆ ತಿರುಗಿ ನೋಡಿಲ್ಲ. ಬರಹ ಎಂಬ ಇನ್ನೊಂದು ತಂತ್ರಾಂಶವನ್ನೂ ಬಳಸಿದ್ದೇನೆ, ಶೇಷಾದ್ರಿವಾಸು ಅವರು 1998ರಲ್ಲೇ ಅದನ್ನು ಹೊರಗೆ ಬಿಟ್ಟಿದ್ದರು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಕನ್ನಡ ಹೊಡೆಯುವವರಿಗೆ ಅದು ಸಲೀಸು, ವಿದೇಶದಲ್ಲಿರುವ ನೆಂಟರೆಲ್ಲ ಅದರಲ್ಲೇ ಕಾಗದ ಬರೆಯುತ್ತಿದ್ದರು. ನನ್ನ ಕೈಗೆ ಹತ್ತಿದ್ದು ನುಡಿ.

ಆ ಕಾಲದ ತೊಂದರೆ ಬೇರೆ ತರಹದ್ದು. ಫಾಂಟು. ನಮ್ಮ ಮಷಿನ್ನಿನಲ್ಲಿ ಚೆನ್ನಾಗಿ ಕಂಡ ಪತ್ರ ವಕೀಲರ ಆಫೀಸಿನಲ್ಲಿ ತೆಗೆದರೆ ಪೂರ್ತಿ ಗೀಚು, ತಲೆಯ ಮೇಲೆ ಕೊಂಬು ಇರುವ ಇಂಗ್ಲಿಷ್ ಅಕ್ಷರ. ಪೆನ್‌ಡ್ರೈವಿನಲ್ಲಿ ಪತ್ರದ ಜೊತೆ ಫಾಂಟನ್ನೂ ಹಾಕಿ ಕಳಿಸುತ್ತಿದ್ದೆವು. ಈಗ ಯೂನಿಕೋಡ್ ಬಂದು ಅದು ತಪ್ಪಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ 1991ರ ಮೊದಲ ಆವೃತ್ತಿಯಲ್ಲೇ ಇತ್ತಂತೆ, ತಿಪಟೂರಿಗೆ ತಲುಪುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಹಳೆಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ತೆಗೆಯುವಾಗ ಅರ್ಕಾವತ್ತು ಎಲ್ಲೋ ಹಾರಿ ಹೋಗಿರುತ್ತದೆ, ಮಧ್ಯೆ ಇದ್ದ ಇಂಗ್ಲಿಷ್ ಪದ ಕನ್ನಡದ ಗೀಚಾಗಿರುತ್ತದೆ. ಆದರೂ ಗೀಚು ಗೀಚಿನ ಹಾಗೇ ಕಾಣುತ್ತದೆ. ಅದನ್ನು ನೋಡಿ ಯಾರೂ ಸಹಿ ಹಾಕುವುದಿಲ್ಲ.

ಮೈಕಿನ ಮೇಲೆ ನನ್ನ ದೊಡ್ಡ ದೂರು ಇಲ್ಲೇ ಇರುವುದು. ಇದು ಕಾಗುಣಿತದ ತಪ್ಪನ್ನು ಹೆಚ್ಚಾಗಿ ಮಾಡುವುದೇ ಇಲ್ಲ. ಇದು ಬರೆಯುವ ಹೆಚ್ಚುಕಡಿಮೆ ಪ್ರತಿ ಪದವೂ ಸರಿಯಾದ ಪದ, ಒತ್ತು ದೀರ್ಘ ಎಲ್ಲ ಸರಿ. ತಪ್ಪು ಪದವನ್ನು ಸರಿಯಾದ ಕಾಗುಣಿತದಲ್ಲಿ ಬರೆಯುತ್ತದೆ. ನಲವತ್ತು ವರ್ಷ ಪ್ರೂಫ್ ನೋಡಿದ ನನ್ನ ಕಣ್ಣು ಹುಡುಕುವುದು ವಕ್ರವಾದದ್ದನ್ನು: ಬಿಟ್ಟುಹೋದ ಕೊಂಬು, ಅದಲುಬದಲಾದ ಒತ್ತು. ವಕ್ರವಿಲ್ಲದ ಸಾಲಿನಲ್ಲಿ ಕಣ್ಣು ಜಾರಿಕೊಂಡು ಹೋಗುತ್ತದೆ. ಹಾಗಾಗಿ ಮೈಕಿನ ಪತ್ರವನ್ನು ಓದಿದರೆ ಸಾಲದು, ಮೂಲ ಪಹಣಿ ಪಕ್ಕದಲ್ಲಿಟ್ಟುಕೊಂಡು ಪದ ಪದ ಬೆರಳಿಟ್ಟು ತಾಳೆ ನೋಡಬೇಕು. ಟೈಪ್ ಮಾಡುವಾಗ ಆ ತಾಳೆ ಟೈಪಿನ ಜೊತೆಗೇ ಆಗುತ್ತಿತ್ತು, ಕಣ್ಣು ಪಹಣಿಯ ಮೇಲೆ, ಕೈ ಕೀಲಿಯ ಮೇಲೆ. ಈಗ ಅದೇ ಒಂದು ಬೇರೆ ಕೆಲಸ. ಒಂದು ಪುಟದ ಷೆಡ್ಯೂಲನ್ನು ಹೇಳಿ ಬರೆಸಿ ತಾಳೆ ನೋಡುವ ಹೊತ್ತಿಗೆ ನಾನು ಅದನ್ನು ಕೈಯಲ್ಲಿ ಹೊಡೆದು, ಪ್ರಿಂಟ್ ತೆಗೆದು, ಕಾಫಿ ಕುಡಿದಿರುತ್ತೇನೆ.

ಇನ್ನೊಂದು ಸಂಗತಿ, ಇದನ್ನು ಬೇರೆ ಯಾವ ವಿಮರ್ಶೆಯಲ್ಲೂ ನಾನು ಕಂಡಿಲ್ಲ. ಮೈಕಿಗೆ ಬಾಯಿಬಿಟ್ಟು ಹೇಳಬೇಕು. ನನ್ನ ಅಂಗಡಿ ಹತ್ತಡಿ ಅಗಲ. ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಒಬ್ಬರಿಗೊಬ್ಬರು ಗೊತ್ತಿರುವವರು, ಅಲ್ಲದಿದ್ದರೆ ನೆಂಟರು, ಅಲ್ಲದಿದ್ದರೆ ಅದೇ ಜಮೀನಿನ ಮೇಲೆ ಕಣ್ಣಿಟ್ಟವರು. ಅಲ್ಲಿ ಜೋರಾಗಿ "ಇಂಥವರಿಂದ ಇಂಥವರಿಗೆ, ಇಷ್ಟು ಲಕ್ಷಕ್ಕೆ" ಎಂದು ಫೋನಿಗೆ ಹೇಳುವುದೆಂದರೆ ಡಂಗುರ ಸಾರಿದ್ದಕ್ಕಿಂತ ಏನು ಕಮ್ಮಿ. ಒಬ್ಬ ಯಜಮಾನರು ನನ್ನ ಕಿವಿಯ ಹತ್ತಿರ ಬಂದು, "ರೇಟು ಮಾತ್ರ ಬಾಯಲ್ಲಿ ಹೇಳಬೇಡ್ರವ್ವ, ಕೈಯಲ್ಲೇ ಬರ್ಕಳಿ" ಅಂದರು. (ಪತ್ರದ ರೇಟಿನ ಬಗ್ಗೆ ನಾನು ಹೆಚ್ಚು ಕೇಳುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ.) ಆಧಾರ್ ನಂಬರನ್ನಂತೂ ನಾನು ಮೈಕಿಗೆ ಹೇಳುವುದೇ ಇಲ್ಲ. ನನ್ನ ಫೋನಿನಲ್ಲಿ ನೆಟ್ ಆರಿಸಿದ ಕೂಡಲೇ ಮೈಕು ಮೂಕವಾಗುತ್ತದೆ. ಅಂದರೆ ನಾವು ಹೇಳಿದ್ದು ಇನ್ನೆಲ್ಲಿಗೋ ಹೋಗಿ ಅಕ್ಷರವಾಗಿ ವಾಪಸು ಬರುತ್ತಿದೆ ಎಂದಾಯಿತು. ಎಲ್ಲಿಗೆ ಹೋಗಿ ಬಂತು, ಅಲ್ಲಿ ಏನು ಉಳಿಯಿತು ಎಂಬುದಕ್ಕೆ ಇಂಗ್ಲಿಷಿನಲ್ಲಿ ಉದ್ದುದ್ದ ನಿಯಮಗಳಿವೆ. ಕನ್ನಡದಲ್ಲಿ ಮಾತಾಡು ಎನ್ನುವವರು ನಿಯಮವನ್ನೂ ಕನ್ನಡದಲ್ಲಿ ಕೊಡಬಹುದಿತ್ತು.

ಚುಕ್ಕಿ, ಅಲ್ಪವಿರಾಮದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಡುವುದಿಲ್ಲ. "ಪೂರ್ಣವಿರಾಮ" ಅಂದರೆ ಪೂರ್ಣವಿರಾಮ ಎಂದು ಅಕ್ಷರದಲ್ಲೇ ಬರೆದಿಡುತ್ತದೆ.

ಇಷ್ಟು ಬೈದ ಮೇಲೆ ಒಳ್ಳೆಯದನ್ನೂ ಹೇಳಬೇಕು, ಅದು ಸಣ್ಣದೇನಲ್ಲ. ಗೂಗಲ್‌ನವರು 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿ ನಮ್ಮ ದೇಶದ ಇನ್ನೂ ಎಂಟು ಭಾಷೆಗಳಿಗೆ ಧ್ವನಿ ಟೈಪಿಂಗ್ ಕೊಟ್ಟಾಗ ಪತ್ರಿಕೆಯಲ್ಲಿ ಸುದ್ದಿ ಓದಿ, ಇದು ಸಾಹೇಬರುಗಳ ಆಟ ಅಂದುಕೊಂಡಿದ್ದೆ. ಈಗ ಬಳಸುತ್ತಿರುವವರು ಯಾರು ನೋಡಿ. ಅರಸೀಕೆರೆಯಲ್ಲಿರುವ ನಮ್ಮಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಫೋನಿನಲ್ಲಿ ಒಂದು ಸಾಲು ಒತ್ತುವುದಕ್ಕೆ ಅರ್ಧ ಗಂಟೆ ಒದ್ದಾಡುತ್ತಿದ್ದಳು. ಈಗ ದಿನಾ ರಾತ್ರಿ ಪುಟಗಟ್ಟಲೆ ಕಳಿಸುತ್ತಾಳೆ: ಹಸು ಎಷ್ಟು ಹಾಲು ಕೊಟ್ಟಿತು, ಸೊಸೆ ಏನಂದಳು, ತಾನು ಅದಕ್ಕೆ ಏನಂದೆ. ಒಂದು ಚುಕ್ಕಿ ಇಲ್ಲದೆ ಒಂದೇ ಉಸಿರಿನಲ್ಲಿ ಇರುತ್ತದೆ, ಅವಳು ಮಾತಾಡುವುದೂ ಹಾಗೇ. "ಹಸು" ಹೋಗಿ "ಹಸಿರು" ಆಗಿರುತ್ತದೆ, "ಹಸಿರು ಎಂಟು ಲೀಟರ್ ಕೊಟ್ಟಿತು" ಅಂದರೂ ನನಗೆ ತಿಳಿಯುತ್ತದೆ. ಅಲ್ಲಿ ತಪ್ಪಿಗೆ ಕ್ಷಮೆ ಇದೆ.

ಅರ್ಜಿಗೂ ಇದು ಉಪಯೋಗಕ್ಕೆ ಬರುತ್ತಿದೆ, ನಾನು ನಿರೀಕ್ಷಿಸದ ರೀತಿಯಲ್ಲಿ. ಮೊದಲು ರೈತರು ನನ್ನೆದುರು ಕೂತು "ನೀವೇ ಏನಾರ ಬರೀರಿ ಮೇಡಮ್ಮೋರೆ" ಅನ್ನುತ್ತಿದ್ದರು. ಕಷ್ಟ ಏನೆಂದು ಕೇಳಿದರೆ ಅರ್ಧ ಹೇಳಿ ಸುಮ್ಮನಾಗುತ್ತಿದ್ದರು, ಹಿಂದೆ ಜನ ಕಾಯುತ್ತಿದ್ದಾರೆ ಎಂಬ ಸಂಕೋಚ. ಈಗ ಕೆಲವರು ಮನೆಯಲ್ಲೇ, ತೋಟದಲ್ಲಿ ಕೂತು, ಮಗನ ಫೋನಿಗೆ ಪೂರ್ತಿ ಹೇಳಿಕೊಂಡು ಬಂದು ನನ್ನ ನಂಬರಿಗೆ ಕಳಿಸುತ್ತಾರೆ. ಮೊನ್ನೆ ಒಬ್ಬರದು ಹೀಗಿತ್ತು: ಪಂಪ್‌ಸೆಟ್ಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಎಷ್ಟು ದಿನವಾಯಿತು, ಯಾರ ಹತ್ತಿರ ಹೋದೆ, ಅವರು ನಾಳೆ ಬಾ ಅಂದದ್ದು, ನಾಳೆ ಹೋದರೆ ಅವರು ರಜೆ ಅಂದದ್ದು, ಸುಳಿ ಒಣಗಿದ ಗಿಡ ಎಷ್ಟು. "ಹ"ಕಾರವೆಲ್ಲ "ಅ"ಕಾರವಾಗಿ, "ಹಳ್ಳ" "ಅಳ್ಳ"ವಾಗಿ ಬಂದಿತ್ತು. ಆದರೆ ವಿಷಯ ಒಂದೂ ಬಿಟ್ಟಿರಲಿಲ್ಲ. ಅರ್ಜಿಗೆ ಬೇಕಾದದ್ದು ಅದೇ. ನಾನು ಮಾಡಿದ್ದು ಅದನ್ನು ಸಾಲಿಗೆ ಕೂರಿಸಿ, ತಾರೀಖು ಹಾಕಿ, "ಮಾನ್ಯರೇ" ಸೇರಿಸಿದ್ದು ಮಾತ್ರ. ಅಷ್ಟು ಗಟ್ಟಿಯಾದ ಅರ್ಜಿಯನ್ನು ನಾನು ಕೂತು ಬರೆದಿದ್ದರೆ ಬರೆಯಲಾಗುತ್ತಿರಲಿಲ್ಲ.

ನನ್ನ ಮಣಿಕಟ್ಟಿಗೂ ಒಳ್ಳೆಯದಾಗಿದೆ. ಕರಡು ಒಕ್ಕಣೆಯನ್ನು, ಅಂದರೆ ಹೆಸರು, ಅಂಕಿ ಬಿಟ್ಟು ಉಳಿದ ಭಾಗವನ್ನು ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು, ಗಲಾಟೆ ಇಲ್ಲದ ಹೊತ್ತಿನಲ್ಲಿ ಮೈಕಿಗೆ ಹೇಳಿಕೊಂಡುಬಿಡುತ್ತೇನೆ. ಹೆಸರು ಬರುವ ಕಡೆ, ಅಂಕಿ ಬರುವ ಕಡೆ "ಖಾಲಿ" ಎಂದು ಹೇಳಿ ಮುಂದೆ ಹೋಗುತ್ತೇನೆ. ಆಮೇಲೆ ಕಂಪ್ಯೂಟರಿಗೆ ಹಾಕಿಕೊಂಡು "ಖಾಲಿ" ಇದ್ದ ಕಡೆಯಲ್ಲೆಲ್ಲ ಕೈಯಲ್ಲಿ ತುಂಬುವುದು. ಬಳಸುವವರಿಗೆ ನಾನು ಹೇಳುವ ಉಪಾಯ ಇದೊಂದೇ.

ಇನ್ನು ಮುಂದಿನ ಮಾತು. ಮೈಕು ಕೇಳಿದ್ದನ್ನು ಬರೆಯುತ್ತದೆ, ಈಗ ಬಂದಿರುವ ಎಐ ಆ್ಯಪುಗಳು ಕೇಳದ್ದನ್ನೂ ಬರೆಯುತ್ತವೆ. ಕಾಲೇಜು ಹುಡುಗರು "ಖಾತೆ ಬದಲಾವಣೆಗೆ ಅರ್ಜಿ ಬರೆದುಕೊಡು" ಎಂದು ಒಂದು ಸಾಲು ಹೇಳಿ ಎರಡು ಪುಟ ತೆಗೆಸಿಕೊಂಡು ಬರುತ್ತಾರೆ. ಕನ್ನಡ ನೋಡಿದರೆ ಅರಮನೆಗೆ ಬರೆದ ಬಿನ್ನವತ್ತಳೆ. ಅದರಲ್ಲಿ ಯಾವುದೋ ಕಾಯ್ದೆಯ ಸೆಕ್ಷನ್ ನಂಬರುಗಳು ಬೇರೆ. ಅಂಥ ಒಂದು ಅರ್ಜಿಯನ್ನು ನನ್ನ ಅಂಗಡಿಗೆ ಬಂದ ವಕೀಲರೊಬ್ಬರು ಓದಿ, "ಈ ಸೆಕ್ಷನ್ನಿಗೂ ಖಾತೆಗೂ ಏನೂ ಸಂಬಂಧ ಇಲ್ಲ ಕಣಮ್ಮ" ಎಂದು ನಕ್ಕು ಹೋದರು. ತಂದ ಹುಡುಗನಿಗೆ ಬೇಸರ. ತೆಗೆದು ಹಾಕೋಣವೇ ಎಂದರೆ "ಇರಲಿ ಆಂಟಿ, ತೂಕ ಇರುತ್ತೆ" ಅಂದ.

ನನಗೆ ಬೇಕಾಗಿರುವ ಯಂತ್ರ ಅದಲ್ಲ. ನನಗೆ ಬೇಕಾದದ್ದು ಓದುವ ಯಂತ್ರ. ಅಚ್ಚಾದ ಕನ್ನಡವನ್ನು ಫೋಟೋ ಹೊಡೆದರೆ ಅಕ್ಷರ ಮಾಡಿಕೊಡುವುದು ಈಗಲೇ ಚೆನ್ನಾಗಿದೆ, ನಾನು ಬಳಸುತ್ತೇನೆ. ಆದರೆ ನನ್ನ ಟೇಬಲ್ಲಿಗೆ ಬರುವುದು ಅಜ್ಜನ ಕಾಲದ ಕ್ರಯಪತ್ರ, ವಿಭಾಗ ಪತ್ರ. ಶಾನುಭೋಗರ ಕೈಬರಹ, ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದೇ ಎಳೆತದಲ್ಲಿ ಬರೆದದ್ದು, ಕೆಲವು ಕಡೆ ಪೂರ್ತಿ ಮೋಡಿ ಲಿಪಿ. ಮಡಿಕೆ ಬಿದ್ದ ಕಡೆ ಕಾಗದ ಹರಿದಿರುತ್ತದೆ. ಖಂಡುಗ, ಕೊಳಗ ಎಂಬ ಹಳೆಯ ಅಳತೆಗಳ ಲೆಕ್ಕ. ಚಕ್ಕುಬಂದಿಗೆ ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಇಂಥವರ ಹೊಲ. ಆ ಮರವೂ ಇಲ್ಲ, ಅವರೂ ಇಲ್ಲ. ಇಂಥದ್ದನ್ನು ಓದುವವರು ಮೊದಲು ನಮ್ಮ ಬೀದಿಯಲ್ಲೇ ನಾಲ್ಕಾರು ಜನ ಇದ್ದರು, ಈಗ ಒಬ್ಬರು ಉಳಿದಿದ್ದಾರೆ, ಅವರಿಗೂ ಪೊರೆ ಬಂದಿದೆ. ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಎಂದು ಒಂದನ್ನು ಶುರು ಮಾಡಿದೆ, ನಮ್ಮ ಭಾಷೆಗಳನ್ನು ಕಂಪ್ಯೂಟರಿಗೆ ಕಲಿಸುವುದಕ್ಕೆ. ಅಣ್ಣನ ಮಗನಿಗೆ ಹೇಳಿದ್ದೇನೆ, ಗೊತ್ತಿರುವವರು ಯಾರಾದರೂ ಅಂಥ ಕಡೆ ಇದ್ದರೆ ಈ ಪತ್ರಗಳ ಸುದ್ದಿ ತಲುಪಿಸು ಅಂತ. ಓದುವ ಯಂತ್ರ ಮಾಡುವವರಿಗೆ ನನ್ನ ಒಂದು ಷರತ್ತೂ ಇದೆ: ಗೊತ್ತಾಗದ ಅಕ್ಷರಕ್ಕೆ ಜಾಗ ಬಿಟ್ಟುಬಿಡಲಿ. ಅಂದಾಜಿನ ಮೇಲೆ ತುಂಬುವುದು ಬೇಡ. ಹಳೆಯ ಪತ್ರ ಓದುತ್ತಿದ್ದ ಆ ಹಿರಿಯರು "ಇಲ್ಲಿ ಕಾಣದು" ಎಂದು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಬಿಡುತ್ತಾರೆ. ಮೈಕಿಗೂ ಅದನ್ನೇ ಕಲಿಸಬಹುದು: ಅನುಮಾನ ಇರುವ ಪದದ ಕೆಳಗೆ ಒಂದು ಗೆರೆ. ಗುಂಟೆಯೋ ಗಂಟೆಯೋ ಎಂದು ಅದಕ್ಕೇ ಅನುಮಾನ ಇರುವಾಗ ಅದನ್ನು ನನ್ನಿಂದ ಮುಚ್ಚಿಡುವುದು ಯಾತಕ್ಕೆ.

ಅಂಕ ಕೊಡಲೇಬೇಕಂತೆ. ಮನೆ ಮಾತಿಗೆ ಐದಕ್ಕೆ ಐದು, ಅರ್ಜಿಯ ಕರಡಿಗೆ ಮೂರೂವರೆ, ಪತ್ರಕ್ಕೆ ಒಂದು. ಆ ಒಂದೂ ಹೊನ್ನವಳ್ಳಿಯನ್ನು ಸರಿಯಾಗಿ ಬರೆದದ್ದಕ್ಕೆ.

ಇನ್ನು ನನ್ನ ಅಂಗಡಿಗೆ ಬರುವವರಿಗೆ ಒಂದು ಸೂಚನೆ. ಈಚೆಗೆ ತುಂಬ ಜನ ಫೋನಿಗೆ ಹೇಳಿ ಬರೆಸಿಕೊಂಡು ಬಂದು, "ಟೈಪ್ ಆಗೇ ಇದೆಯಲ್ಲ ಅಕ್ಕಾ, ಬರೀ ಪ್ರಿಂಟ್ ದುಡ್ಡು ತಗೊಳ್ಳಿ" 
ಎಂದು ಚೌಕಾಸಿ ಮಾಡುತ್ತಿದ್ದಾರೆ. ಅರ್ಜಿಯಾದರೆ ಆಗಲಿ, ಹಾಗೇ ಮಾಡಿಕೊಡುತ್ತೇನೆ. ಜಮೀನಿನ ಪತ್ರವಾದರೆ ಪಹಣಿ ಮತ್ತು ಹಿಂದಿನ ಪತ್ರದ ಜೆರಾಕ್ಸ್ ಜೊತೆಗೆ ತನ್ನಿ, ಅದಿಲ್ಲದೆ ಪ್ರಿಂಟ್ ಕೊಡುವುದಿಲ್ಲ. ಕೈಯಲ್ಲಿ ಬರೆದುಕೊಂಡು ಬಂದದ್ದನ್ನು ಟೈಪ್ ಮಾಡುವುದಕ್ಕೆ ಪುಟಕ್ಕೆ ನಲವತ್ತು ರೂಪಾಯಿ. ಮೈಕಿನಲ್ಲಿ ಬರೆಸಿದ್ದನ್ನು ತಾಳೆ ನೋಡುವುದಕ್ಕೆ ಐವತ್ತು.